ಗೊತ್ತಿಲ್ಲದಿದ್ದರೆ ‘ಬೇಡ’ ಎನ್ನಿ: ಸೆಟ್ಟಿಂಗ್‌ಗಳ ಕೆಳಗಿನ ಕನ್ನಡ

ನವೆಂಬರ್ ಬಂತೆಂದರೆ ಕಂಪ್ಯೂಟರಿನ ಕನ್ನಡದ ಮೇಲೆ ಎರಡು ಬಗೆಯ ದೂರು ಶುರುವಾಗುತ್ತದೆ. ಇಂಗ್ಲಿಷ್ ಪದಗಳು ಅತಿಯಾದವು ಎಂದು ಕೆಲವರು. ‘ಸಂರಚನೆ’, ‘ಅನುಸ್ಥಾಪನೆ’, ‘ಪೂರ್ವನಿಯೋಜಿತ’ ಎಂದರೆ ಯಾರಿಗೆ ತಿಳಿಯುತ್ತದೆ ಎಂದು ಉಳಿದವರು. ಮಂಗಳೂರಿನ ಶಕ್ತಿನಗರದಲ್ಲಿ ಕೂತು ವರ್ಷಗಟ್ಟಲೆ ತಂತ್ರಾಂಶದ ಮೆನು, ಎಚ್ಚರಿಕೆ, ಸಹಾಯಪಠ್ಯಗಳನ್ನು ಕನ್ನಡಕ್ಕೆ ತರುತ್ತ ಬಂದ ನನಗೆ ಈ ಜಗಳದಲ್ಲಿ ಆಸಕ್ತಿ ಹೊರಟುಹೋಗಿದೆ. ಗುಂಡಿಯ ಮೇಲೆ ಯಾವ ಹೆಸರಾದರೂ ಇರಲಿ, ಒತ್ತಿದರೆ ಏನಾಗುತ್ತದೆ ಎಂದು ಕೆಳಗೆ ಒಂದು ಸಾಲು ಇದೆಯೇ? ನಮ್ಮ ಚರ್ಚೆಗಳು ಆ ಎರಡನೇ ಸಾಲಿನ ತನಕ ಹೋದದ್ದು ಕಡಿಮೆ.

ಕಂಪ್ಯೂಟರಿಗೆ ಕನ್ನಡ ಬಂದ ಮೊದಲ ಘಟ್ಟವನ್ನು ಬೇಗ ದಾಟಬಹುದು. 1991ರಲ್ಲಿ ನಮ್ಮ ಲಿಪಿಗಳ ಅಕ್ಷರಸಂಕೇತ ಪದ್ಧತಿಯಾದ ಇಸ್ಕಿ ಭಾರತೀಯ ಮಾನಕವಾಯಿತು, ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ತಮ್ಮ ಕೀಲಿಮಣೆ ವಿನ್ಯಾಸ ಕೊಟ್ಟರು, ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಮೂಡಿದರೆ ಹಬ್ಬವೆನ್ನುವ ಕಾಲ ಅದು. ಸಹಾಯಪಠ್ಯದ ಕೊರತೆಗೆ ಆಗಿನವರನ್ನು ದೂರುವುದು ಅನ್ಯಾಯ.

ನಿಜವಾದ ಕೆಲಸ ಶುರುವಾದದ್ದು ಸ್ವತಂತ್ರ ತಂತ್ರಾಂಶದವರ ಕಾಲಕ್ಕೆ, ಅಂದರೆ ನಮ್ಮ ಕಾಲಕ್ಕೆ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇ, ಬ್ರೌಸರ್ ಫೈರ್‌ಫಾಕ್ಸ್ ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಪಿಓ ಕಡತಗಳ ಥರದ ಪಟ್ಟಿಗಳ ಮೂಲಕ: ಮೇಲೆ ಇಂಗ್ಲಿಷ್ ಸಾಲು, ಕೆಳಗೆ ನೀವು ತುಂಬಬೇಕಾದ ಖಾಲಿ ಜಾಗ. ಆ ಸಾಲು ಪರದೆಯಲ್ಲಿ ಎಲ್ಲಿ ಕಾಣುತ್ತದೆ ಎಂದು ಅನುವಾದಕನಿಗೆ ಗೊತ್ತಾಗುವುದಿಲ್ಲ. ‘ಬ್ಲಾಕ್’ ಎಂದಷ್ಟೇ ಇದ್ದರೆ ಇಂಗ್ಲಿಷಿಗೆ ಸಾಕು. ಕನ್ನಡದವನು ‘ತಡೆ’ಯೋ ‘ತಡೆಯಿರಿ’ಯೋ ತೀರ್ಮಾನಿಸಲೇಬೇಕು. 2008ರಲ್ಲಿ ಶುರುವಾದ ಫ್ಯೂಯೆಲ್ ಯೋಜನೆ ಪದೇಪದೇ ಬರುವ ಮೆನು ಪದಗಳನ್ನು ಒಂದು ಪಟ್ಟಿಗೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಒಪ್ಪಂದವಾದದ್ದು ಹೆಸರುಗಳ ಮೇಲೆ. ವಿವರಣೆಯನ್ನು ಹೇಗೆ ಬರೆಯಬೇಕೆಂದು ಯಾರೂ ಸಭೆ ಸೇರಲಿಲ್ಲ.

ಗ್ನೋಮ್‌ನಲ್ಲಿ ಪ್ರತಿ ಸೆಟ್ಟಿಂಗ್‌ಗೂ ಒಂದು ಸಾರಾಂಶ, ಒಂದು ವಿವರಣೆ ಬರೆಯುವ ವ್ಯವಸ್ಥೆಯಿದೆ. ಎಷ್ಟೋ ಕಡೆ ‘ಇಂಥದ್ದನ್ನು ಶಕ್ತಗೊಳಿಸು’ ಎಂದು ಸಾರಾಂಶ. ‘ಇಂಥದ್ದನ್ನು ಶಕ್ತಗೊಳಿಸಬೇಕೆ’ ಎಂದು ವಿವರಣೆ. ಮೂಲದಲ್ಲೇ ಇಷ್ಟಿದ್ದರೆ ಅನುವಾದಕ ಏನು ಮಾಡಿಯಾನು? ನಿಷ್ಠೆಯಿಂದ ಕನ್ನಡಿಸಿದ, ಬೈಗುಳ ‘ಶಕ್ತಗೊಳಿಸು’ ಎಂಬ ಪದಕ್ಕೆ ಬಿತ್ತು.

ಇದಕ್ಕೆ ಎದುರಾಗಿ ನಾನು ಮೆಚ್ಚುವ ಸಂಪ್ರದಾಯ ಲಿನಕ್ಸ್‌ನ ತಿರುಳಾದ ಕರ್ನೆಲ್‌ನದು. ಅಲ್ಲಿನ ಆಯ್ಕೆಗಳ ಕೆಳಗೆ ಸಹಾಯದ ಪ್ಯಾರಾ ಇರುತ್ತದೆ: ಇದು ಏನು, ಯಾವ ಯಂತ್ರ ಇದ್ದವರಿಗೆ ಬೇಕು, ಹಾಕಿಕೊಂಡರೆ ನಷ್ಟವೇನು. ಎಷ್ಟೋ ಕಡೆ ಕೊನೆಯ ಸಾಲು, ಗೊತ್ತಿಲ್ಲದಿದ್ದರೆ ‘ಎನ್’ (ಅಂದರೆ ‘ಬೇಡ’) ಎನ್ನಿ. ಓದುವವನಿಗೆ ಗೊತ್ತಿಲ್ಲದೆ ಇರಬಹುದು ಎಂದು ಒಪ್ಪಿಕೊಂಡ ಬರವಣಿಗೆ ಅದು. ನಾಲ್ಕು ಸಾಲಿಗಿಂತ ಕಡಿಮೆ ಬರೆದರೆ ಅವರ ತಪಾಸಣಾ ಉಪಕರಣವೇ ತಕರಾರು ತೆಗೆಯುತ್ತದೆ. ಎಲ್ಲ ಪ್ಯಾರಾಗಳೂ ಚೆನ್ನಾಗಿವೆ ಎಂದಲ್ಲ, ಅವೆಲ್ಲ ಇಂಗ್ಲಿಷಿನಲ್ಲೇ ಉಳಿದವು ಕೂಡ. ಮಾದರಿ ಮಾತ್ರ ನಮ್ಮ ಕಣ್ಣೆದುರೇ ಇತ್ತು.

ಇನ್ನೊಂದು ಮಾದರಿ, ವಿಕಿಪೀಡಿಯದ ತಂತ್ರಾಂಶದ ಸಂದೇಶಗಳನ್ನು ಅನುವಾದಿಸುವ ತಾಣ ಟ್ರಾನ್ಸ್‌ಲೇಟ್‌ವಿಕಿ. ಅಲ್ಲಿ ಸಂದೇಶದ ಪಕ್ಕದಲ್ಲಿ ಅನುವಾದಕರಿಗೆಂದೇ ಟಿಪ್ಪಣಿ ಬರೆಯುತ್ತಾರೆ: ಇದು ಗುಂಡಿ, ಇದು ಕ್ರಿಯಾಪದ, ಇಲ್ಲಿ ಬಳಕೆದಾರನ ಹೆಸರು ಬರುತ್ತದೆ ಎಂದು. 2016ರಲ್ಲಿ ತುಳು ವಿಕಿಪೀಡಿಯ ಹುಟ್ಟಿದಾಗ ಅದರ ಹಿಂದೆ ಇಂಥ ಸಂದೇಶಗಳ ಅನುವಾದವೂ ಇತ್ತು. ಅಲ್ಲಿನ ತುಳು ಮನೆಮಾತಿಗೆ ಹತ್ತಿರ ನಿಂತದ್ದಕ್ಕೆ ಅನುವಾದಕರ ಜಾಣ್ಮೆಯಷ್ಟೇ ಆ ಟಿಪ್ಪಣಿಗಳೂ ಕಾರಣ ಎಂಬುದು ನನ್ನ ಅಂದಾಜು.

ಈಗ ಒಂದು ಸೆಟ್ಟಿಂಗನ್ನು ಹತ್ತಿರದಿಂದ ನೋಡೋಣ. ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆ ಹುಡುಕಿದರೆ ಕಗಪ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂಬ ಹೆಸರುಗಳು ಸಿಗುತ್ತವೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು ಎಂದಾಗಲಿ, ಆ ವಿನ್ಯಾಸದ ಬುಡದಲ್ಲಿ ಕೆ.ಪಿ. ರಾವ್ ಇದ್ದಾರೆ ಎಂದಾಗಲಿ ಆ ಪಟ್ಟಿ ಹೇಳುವುದಿಲ್ಲ. ಅವರ ಊರಿನ ಪಕ್ಕದಲ್ಲಿರುವ ನಮಗೂ ಹೇಳುವುದಿಲ್ಲ. ಇರಲಿ, ಬಳಸುವವನಿಗೆ ಬೇಕಾದದ್ದು ಚರಿತ್ರೆಯಲ್ಲ. ‘ಕ್’ ಬರೆಯಲು ಐಟ್ರಾನ್ಸ್‌ನಲ್ಲಿ ಕೆ ಒತ್ತಿದರೆ ಆಯಿತು. ಕಗಪದಲ್ಲಿ ಕೆ ಒತ್ತಿದರೆ ‘ಕ’ ಬರುತ್ತದೆ, ಮೇಲೆ ಎಫ್ ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ ಆದಮೇಲೆ ಡಿ. ಇಷ್ಟನ್ನು ಹೆಸರಿನ ಕೆಳಗೆ ಬರೆದಿದ್ದರೆ ಮೂರರಲ್ಲಿ ತನಗೆ ಕೈಹೊಂದುವುದು ಯಾವುದೆಂದು ಯಾರಾದರೂ ಆರಿಸಿಕೊಳ್ಳುತ್ತಿದ್ದರು. ಇಂಥ ಹೆಸರುಗಳ ಜೊತೆ ಬರುವ ‘ಫೊನೆಟಿಕ್’ ಎಂಬುದಕ್ಕೆ ಕನ್ನಡ ಪದ ಹುಡುಕುತ್ತ ಕೂರುವ ಪ್ರಮೇಯವೂ ಇರುತ್ತಿರಲಿಲ್ಲ.

ಕೊಂಕಣಿಯವರ ಪಾಡು ಇನ್ನೂ ವಿಚಿತ್ರ. ವಿಶ್ವ ಕೊಂಕಣಿ ಕೇಂದ್ರ ಇರುವುದು ನಮ್ಮ ಶಕ್ತಿನಗರದಲ್ಲೇ, 2009ರಿಂದ. ಸುತ್ತಲಿನ ಜನ ಕೊಂಕಣಿ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಆದರೆ ವಿಂಡೋಸ್‌ನಲ್ಲಿ ‘ಕೊಂಕಣಿ’ ಆರಿಸಿದರೆ ಪರದೆ ದೇವನಾಗರಿಗೆ ತಿರುಗುತ್ತದೆ. ಆರಿಸುವ ಮುಂಚೆ ಇದನ್ನು ತಿಳಿಸುವ ಸಾಲು ಬೇಡವೇ?

ಪದವಿವರಣೆಯ ಕೆಲಸ ಕನ್ನಡದಲ್ಲಿ ನಡೆದೇ ಇಲ್ಲ ಎನ್ನುವ ಹಾಗಿಲ್ಲ. ತಂತ್ರಜ್ಞಾನ ಬರಹಗಾರ ಪವನಜರ ಪತ್ರಿಕಾ ಅಂಕಣಗಳು, ಟಿ.ಜಿ. ಶ್ರೀನಿಧಿ ಅವರ ಇಜ್ಞಾನ ತಾಣ ಎಷ್ಟೋ ಪಾರಿಭಾಷಿಕ ಪದಗಳನ್ನು ಮನೆಮಾತಿಗೆ ಇಳಿಸಿವೆ. ಆ ಗದ್ಯ ತಂತ್ರಾಂಶದ ಹೊರಗೇ ಉಳಿಯಿತು, ಅಷ್ಟೆ. ಸಹಾಯಪಠ್ಯದೊಳಗೆ ಅಂಥದೊಂದು ವಾಕ್ಯ ಸೇರಿಸಿದರೆ ‘ಮೂಲದಲ್ಲಿಲ್ಲ’ ಎಂದು ತಿರಸ್ಕರಿಸಿದ ಪರಿಶೀಲಕರನ್ನು ನಾನು ಕಂಡಿದ್ದೇನೆ.

ಗೂಗಲ್ ಟ್ರಾನ್ಸ್‌ಲೇಟ್‌ಗೆ 2011ರಲ್ಲಿ ಕನ್ನಡ, 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದವು. ಇನ್ನು ಅನುವಾದಕರೇ ಬೇಡ ಎನ್ನುವವರು ಈಗ ಹೆಚ್ಚಿದ್ದಾರೆ. ಮಸುಕಾದ ಇಂಗ್ಲಿಷ್ ಸಾಲನ್ನು ಯಂತ್ರ ಸರಾಗವಾದ, ಅಷ್ಟೇ ಮಸುಕಾದ ಕನ್ನಡ ಮಾಡಿಕೊಡುತ್ತದೆ. ಸರಾಗವಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಗುಂಡಿಯನ್ನು ತಾನೇ ಒತ್ತಿ, ಏನಾಯಿತೆಂದು ನೋಡಿ, ಅದನ್ನು ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಇಂಗ್ಲಿಷ್ ಮೂಲವನ್ನೂ ತಿದ್ದಿಸುವಂತೆ ಪಟ್ಟು ಹಿಡಿಯುವವರು ಬೇಕಾಗಿದ್ದಾರೆ. ಸದ್ಯಕ್ಕೆ ನಮ್ಮ ಅನುವಾದ ಕಮ್ಮಟಗಳಲ್ಲಿ ಮೊದಲು ಹಂಚುವುದು ಪದಪಟ್ಟಿಯನ್ನೇ.