ಮೀಸಲು ಪಡೆ ಸದಸ್ಯರ ವಸತಿ ಭತ್ಯೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಮೀಸಲು ಪಡೆ ಸದಸ್ಯರ ವಸತಿ ಭತ್ಯೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಮೀಸಲು ಸೇನಾಪಡೆಗಳ ಸದಸ್ಯರಿಗೆ, ಅವರು ಸಕ್ರಿಯ ಸೇವೆಯಲ್ಲಿರುವ ಅವಧಿಯಲ್ಲಿ, ವಸತಿ ವೆಚ್ಚಕ್ಕಾಗಿ ನೀಡಲಾಗುವ ಭತ್ಯೆಯಾಗಿದೆ. ಪೂರ್ಣಾವಧಿ ಸೈನಿಕರಿಗೆ ದೊರೆಯುವ 'ಬೇಸಿಕ್ ಅಲೋವೆನ್ಸ್ ಫಾರ್ ಹೌಸಿಂಗ್' (ಬಿಎಎಚ್) ಅಥವಾ ಮೂಲ ವಸತಿ ಭತ್ಯೆಯ ವ್ಯವಸ್ಥೆಯಲ್ಲಿಯೇ ಇದು ಒಳಗೊಂಡಿದೆ. ಯುನೈಟೆಡ್ ಸ್ಟೇಟ್ಸ್ ಕೋಡ್‌ನ 37ನೆಯ ಶೀರ್ಷಿಕೆಯ 403ನೆಯ ಕಲಂ ಇದಕ್ಕೆ ಕಾನೂನಿನ ಆಧಾರ. ಸೇವೆಗೆ ಕರೆಯುವ ಆದೇಶದಲ್ಲಿ ನಮೂದಾಗಿರುವ ಅವಧಿ 30 ದಿನಗಳನ್ನು ಮೀರುತ್ತದೆಯೇ ಇಲ್ಲವೇ ಎಂಬುದು ಭತ್ಯೆಯ ಮೊತ್ತವನ್ನು ನಿರ್ಧರಿಸುವ ಮುಖ್ಯ ಅಂಶವಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ಏಳು ಮೀಸಲು ಘಟಕಗಳಿವೆ: ಆರ್ಮಿ ನ್ಯಾಷನಲ್ ಗಾರ್ಡ್, ಏರ್ ನ್ಯಾಷನಲ್ ಗಾರ್ಡ್, ಹಾಗೂ ಭೂಸೇನೆ, ನೌಕಾಪಡೆ, ಮರೀನ್ ಕೋರ್, ವಾಯುಪಡೆ ಮತ್ತು ಕೋಸ್ಟ್ ಗಾರ್ಡ್‌ಗಳ ಮೀಸಲು ಪಡೆಗಳು. ಇವುಗಳ ಸದಸ್ಯರಲ್ಲಿ ಹೆಚ್ಚಿನವರು ನಾಗರಿಕ ಉದ್ಯೋಗದಲ್ಲಿದ್ದು, ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಕವಾಯತಿನಲ್ಲಿಯೂ ವರ್ಷಕ್ಕೊಮ್ಮೆ ವಾರ್ಷಿಕ ತರಬೇತಿಯಲ್ಲಿಯೂ ಭಾಗವಹಿಸುತ್ತಾರೆ. ವಾರಾಂತ್ಯದ ಕವಾಯತಿಗೆ ವಸತಿ ಭತ್ಯೆ ಇರುವುದಿಲ್ಲ.

ಸಕ್ರಿಯ ಸೇವೆಯ ಕರೆ ಬಂದಾಗ ಸದಸ್ಯರು ತಮ್ಮ ಊರನ್ನೂ ಉದ್ಯೋಗವನ್ನೂ ಬಿಟ್ಟು ಹೋಗಬೇಕಾಗುತ್ತದೆ. ಆದರೆ ಮನೆಯ ಬಾಡಿಗೆಯಾಗಲಿ ಗೃಹಸಾಲದ ಕಂತಾಗಲಿ ನಿಲ್ಲುವುದಿಲ್ಲ. ಮೀಸಲು ಪಡೆಗಳಿಗೆ ಪ್ರತ್ಯೇಕ ನಿಯಮಗಳು ರೂಪುಗೊಳ್ಳಲು ಇದೇ ಕಾರಣ.

ದರ ನಿರ್ಧಾರ

1998ರ ಜನವರಿ 1ರಂದು, ಅದುವರೆಗೆ ಬೇರೆಬೇರೆಯಾಗಿದ್ದ ವಸತಿಗೃಹ ಭತ್ಯೆ ಮತ್ತು ಸ್ಥಳಾಧಾರಿತ ವಸತಿ ಭತ್ಯೆಗಳನ್ನು ಒಂದುಗೂಡಿಸಿ ಮೂಲ ವಸತಿ ಭತ್ಯೆಯನ್ನು ಜಾರಿಗೆ ತರಲಾಯಿತು. ಇದರ ಪೂರ್ಣ ದರ ಮೂರು ಅಂಶಗಳನ್ನು ಅವಲಂಬಿಸಿದೆ: ಸದಸ್ಯರ ವೇತನ ಶ್ರೇಣಿ, ಸ್ಥಳದ ಪಿನ್ ಸಂಖ್ಯೆಗೆ ಸಮಾನವಾದ ಜಿಪ್ ಕೋಡ್, ಮತ್ತು ಅವಲಂಬಿತರು ಇದ್ದಾರೆಯೇ ಎಂಬುದು. ಅವಲಂಬಿತರ ಸಂಖ್ಯೆ ಎಷ್ಟೇ ಇದ್ದರೂ ದರ ಒಂದೇ. ಆಯಾ ಪ್ರದೇಶದ ಬಾಡಿಗೆ ಹಾಗೂ ವಿದ್ಯುತ್, ನೀರು ಮುಂತಾದ ವೆಚ್ಚಗಳ ಆಧಾರದ ಮೇಲೆ ರಕ್ಷಣಾ ಇಲಾಖೆಯು ದರಗಳನ್ನು ಪ್ರತಿವರ್ಷ ಪರಿಷ್ಕರಿಸುತ್ತದೆ. 2019ರಿಂದ ಸರಾಸರಿ ವೆಚ್ಚದ ಶೇ. 5ರಷ್ಟನ್ನು ಸದಸ್ಯರೇ ಭರಿಸಬೇಕು. ಭತ್ಯೆಗೆ ಒಕ್ಕೂಟ ಸರ್ಕಾರದ ಆದಾಯ ತೆರಿಗೆ ಇಲ್ಲ.

30 ದಿನಗಳ ಮಿತಿ

ಆದೇಶದ ಅವಧಿ 30 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸದಸ್ಯರಿಗೆ 'ಬಿಎಎಚ್ ಆರ್‌ಸಿ/ಟಿ' ಎಂಬ ಪ್ರತ್ಯೇಕ ದರ ಅನ್ವಯಿಸುತ್ತದೆ. ಈ ದರ ವಾಸಸ್ಥಳವನ್ನು ಲೆಕ್ಕಿಸುವುದಿಲ್ಲ. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋದಂತಹ ದುಬಾರಿ ನಗರದಲ್ಲಿ ಮನೆ ಮಾಡಿರುವವರಿಗೂ ಸಣ್ಣ ಪಟ್ಟಣದ ನಿವಾಸಿಗಳಿಗೂ, ಶ್ರೇಣಿ ಮತ್ತು ಅವಲಂಬಿತರ ಸ್ಥಿತಿ ಒಂದೇ ಆಗಿದ್ದರೆ, ಸಮಾನ ಮೊತ್ತ ಸಲ್ಲುತ್ತದೆ. ಆದೇಶವು 31 ದಿನ ಅಥವಾ ಹೆಚ್ಚಿನ ಅವಧಿಯದಾಗಿದ್ದರೆ ಸ್ಥಳಾಧಾರಿತ ಪೂರ್ಣ ದರ ದೊರೆಯುತ್ತದೆ. ಒಂದೇ ದಿನದ ಅಂತರವು ದುಬಾರಿ ನಗರಗಳಲ್ಲಿ ವಾಸಿಸುವವರಿಗೆ ಗಣನೀಯ ವ್ಯತ್ಯಾಸವನ್ನುಂಟುಮಾಡಬಲ್ಲದು.

ಈ ಮಿತಿ ಮೊದಲು 140 ದಿನಗಳಷ್ಟಿತ್ತು. 2006ರ ಆರ್ಥಿಕ ವರ್ಷದ ರಾಷ್ಟ್ರೀಯ ರಕ್ಷಣಾ ಅಧಿಕಾರ ಕಾಯಿದೆಯು ಅದನ್ನು 30 ದಿನಗಳಿಗೆ ಇಳಿಸಿತು.

2020ರಲ್ಲಿ ಕೋವಿಡ್-19 ಪರಿಹಾರ ಕಾರ್ಯಕ್ಕೆ ನ್ಯಾಷನಲ್ ಗಾರ್ಡ್ ಸದಸ್ಯರನ್ನು ಕರೆಯಲಾದಾಗ ಈ ಮಿತಿ ಸಾರ್ವಜನಿಕ ಚರ್ಚೆಗೆ ಬಂದಿತು. 30 ದಿನಗಳ ಆದೇಶಗಳಿಂದ ಸದಸ್ಯರು ಪೂರ್ಣ ವಸತಿ ಭತ್ಯೆ ಮತ್ತು ಸೇನಾ ಆರೋಗ್ಯ ವಿಮೆಗಳಿಂದ ವಂಚಿತರಾಗುತ್ತಾರೆಂಬ ಟೀಕೆ ಕೇಳಿಬಂದ ಬಳಿಕ 31 ದಿನಗಳ ಆದೇಶಗಳಿಗೆ ಅವಕಾಶ ನೀಡಲಾಯಿತು.

ತುರ್ತು ಸೇನಾ ಕಾರ್ಯಾಚರಣೆ

ಕಾನೂನಿನಲ್ಲಿ 'ಕಂಟಿಂಜೆನ್ಸಿ ಆಪರೇಷನ್' ಎಂದು ಕರೆಯಲಾಗುವ ಕಾರ್ಯಾಚರಣೆಗಳ ಬೆಂಬಲಕ್ಕಾಗಿ ಕರೆಯಲ್ಪಟ್ಟವರಿಗೆ 30 ದಿನಗಳ ಮಿತಿ ಅನ್ವಯಿಸುವುದಿಲ್ಲ. ಅವರಿಗೆ ಮೊದಲ ದಿನದಿಂದಲೇ ಪ್ರಾಥಮಿಕ ನಿವಾಸದ ಸ್ಥಳಕ್ಕೆ ತಕ್ಕ ಪೂರ್ಣ ದರ ಸಲ್ಲುತ್ತದೆ.

ಪ್ರಾಥಮಿಕ ನಿವಾಸ

ಕರೆ ಬಂದ ಸಮಯದಲ್ಲಿ ಸದಸ್ಯರು ವಾಸಿಸುತ್ತಿದ್ದ ಮನೆಯನ್ನು ಪ್ರಾಥಮಿಕ ನಿವಾಸವೆಂದು ಪರಿಗಣಿಸಲಾಗುತ್ತದೆ. ಸರ್ಕಾರದ ವೆಚ್ಚದಲ್ಲಿ ಮನೆಸಾಮಾನು ಸಾಗಿಸಲು ಅನುಮತಿಯಿದ್ದಲ್ಲಿ, ದರವನ್ನು ಸಾಮಾನ್ಯವಾಗಿ ಕರ್ತವ್ಯದ ಸ್ಥಳಕ್ಕೆ ಅನುಗುಣವಾಗಿ ನಿಗದಿಪಡಿಸಲಾಗುತ್ತದೆ.

ಅವಲಂಬಿತರಿಲ್ಲದ ಪೂರ್ಣಾವಧಿ ಸೈನಿಕರು ಸರ್ಕಾರಿ ವಸತಿಯಲ್ಲಿದ್ದರೆ ಸಾಮಾನ್ಯವಾಗಿ ಪೂರ್ಣ ಭತ್ಯೆ ಪಡೆಯುವುದಿಲ್ಲ. ಮೀಸಲು ಪಡೆಯವರ ವಿಷಯದಲ್ಲಿ ಕಾನೂನು ಭಿನ್ನವಾಗಿದೆ. ಸ್ವಂತ ಮನೆ ಅಥವಾ ತಾವೇ ಬಾಡಿಗೆ ತೆರುವ ಮನೆ ಹೊಂದಿದ್ದು, ಕರೆಯ ಕಾರಣದಿಂದ ಅಲ್ಲಿ ವಾಸಿಸಲಾಗದ ಒಂಟಿ ಸದಸ್ಯರು ಕರ್ತವ್ಯದ ಸ್ಥಳದಲ್ಲಿ ಸೇನಾ ವಸತಿಯಲ್ಲಿದ್ದರೂ ಭತ್ಯೆಗೆ ಅರ್ಹರಾಗಬಹುದು. ಇದಕ್ಕೆ ಬಾಡಿಗೆ ಕರಾರು, ಗೃಹಸಾಲದ ದಾಖಲೆ ಮುಂತಾದ ಪುರಾವೆಗಳು ಬೇಕಾಗುತ್ತವೆ. ಸುಳ್ಳು ವಿಳಾಸ ನೀಡಿ ಭತ್ಯೆ ಪಡೆಯುವುದು ಶಿಕ್ಷಾರ್ಹ ಅಪರಾಧವಾಗಿದೆ.

ಸಂಬಂಧಿತ ರಕ್ಷಣೆಗಳು

2003ರ 'ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್' ವಸತಿ ಭತ್ಯೆಗೆ ಪೂರಕವಾದ ಕಾನೂನು. ಸೇವೆಗೆ ಸೇರುವ ಮೊದಲು ಪಡೆದ ಗೃಹಸಾಲದ ಬಡ್ಡಿಯನ್ನು ಸೇವಾವಧಿಯಲ್ಲಿ ಮತ್ತು ಅನಂತರದ ಒಂದು ವರ್ಷ ಶೇ. 6ಕ್ಕೆ ಸೀಮಿತಗೊಳಿಸಲು, ಹಾಗೂ ನಿರ್ದಿಷ್ಟ ಸಂದರ್ಭಗಳಲ್ಲಿ ಬಾಡಿಗೆ ಕರಾರನ್ನು ದಂಡವಿಲ್ಲದೆ ಕೊನೆಗೊಳಿಸಲು ಅದು ಅವಕಾಶ ನೀಡುತ್ತದೆ. ಹೀಗೆ, ಮನೆಯನ್ನು ಉಳಿಸಿಕೊಳ್ಳಲು ಬಯಸುವವರಿಗೆ ಭತ್ಯೆಯೂ ಬಿಟ್ಟುಕೊಡಬೇಕಾದವರಿಗೆ ಈ ಕಾಯಿದೆಯೂ ನೆರವಾಗುತ್ತವೆ.