ಮೊಬೈಲು ಕಂಡ ಕೊಲೆ

2020ರ ಮೇ 25ರ ಘಟನೆಯ ಬಗ್ಗೆ ಮಿನಿಯಾಪೊಲಿಸ್ ಪೊಲೀಸರ ಮೊದಲ ಹೇಳಿಕೆಯಲ್ಲಿ ಕುತ್ತಿಗೆಯ ಮೇಲಿನ ಮೊಣಕಾಲಿನ ಮಾತೇ ಇರಲಿಲ್ಲ. ಬಂಧನದ ವೇಳೆ ಅಸ್ವಸ್ಥನಾದವನೊಬ್ಬ ಸತ್ತನಂತೆ, ಅಷ್ಟೇ. ಅಂಗಡಿಗೆಂದು ಬಂದಿದ್ದ 17ರ ಡಾರ್ನೆಲ್ಲಾ ಫ್ರೇಜಿಯರ್ ತಾನು ಚಿತ್ರಿಸಿದ್ದನ್ನು ಫೇಸ್‌ಬುಕ್ಕಿಗೆ ಹಾಕದಿದ್ದರೆ ಜಾರ್ಜ್ ಫ್ಲಾಯ್ಡ್ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. 2013ರಲ್ಲಿ ಹುಟ್ಟಿದ್ದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಹ್ಯಾಷ್‌ಟ್ಯಾಗಿನೊಡನೆ ಆ ವಿಡಿಯೊ ದೇಶದೇಶಗಳ ಬೀದಿ ತಲುಪಿತು.

1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ 14ರ ಎಮೆಟ್ ಟಿಲ್‌ನ ತಾಯಿ ಮಗನ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದಳು. ಜಜ್ಜಿಹೋದ ಆ ಮುಖವನ್ನು ಅಚ್ಚುಮಾಡಲು ಕಪ್ಪುಜನರದೇ ಪತ್ರಿಕೆ ‘ಜೆಟ್’ ಬೇಕಾಯಿತು. ಡಾರ್ನೆಲ್ಲಾಗೆ ಯಾವ ಸಂಪಾದಕರ ಒಪ್ಪಿಗೆಯೂ ಬೇಕಿರಲಿಲ್ಲ. ಟಿಲ್‌ನ ಹಂತಕರನ್ನು ಬಿಳಿಯರ ಜ್ಯೂರಿ ಬಿಟ್ಟುಕಳಿಸಿತ್ತು. 2021ರ ಏಪ್ರಿಲಿನಲ್ಲಿ, ಈ ವಿಡಿಯೊ ಕಂಡ ಜ್ಯೂರಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್‌ನನ್ನು ಅಪರಾಧಿಯೆಂದಿತು.

ಅದೇ ವಿಚಾರಣೆಯಲ್ಲಿ ಡಾರ್ನೆಲ್ಲಾ ಸಾಕ್ಷಿ ನುಡಿದಳು: ಹೆಚ್ಚೇನೂ ಮಾಡಲಾಗಲಿಲ್ಲವಲ್ಲ ಎಂದು ಎಷ್ಟೋ ರಾತ್ರಿ ಎಚ್ಚರವಿದ್ದು, ಫ್ಲಾಯ್ಡ್‌ನ ಕ್ಷಮೆ ಕೇಳುತ್ತಿದ್ದಳಂತೆ.