ಮೋಟಾರ್‌ಸೈಕಲ್ ಎಂಜಿನ್ ದೋಷಪತ್ತೆಯ ಇತಿಹಾಸ

ಸರಿಯಾಗಿ ಓಡದ ಮೋಟಾರ್‌ಸೈಕಲ್ ಎಂಜಿನ್ನಿನ ಲಕ್ಷಣಗಳನ್ನು ನೋಡಿ, ಕೇಳಿ, ಅಳೆದು, ಆದಷ್ಟು ಕಡಿಮೆ ಭಾಗಗಳನ್ನು ಬಿಚ್ಚಿ ಕಾರಣ ಗುರುತಿಸುವ ಕೆಲಸವೇ ದೋಷಪತ್ತೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಗಿರಾಕಿಗಳು ಹೇಳುವ ದೂರುಗಳು ಬೆರಳೆಣಿಕೆಯಷ್ಟೇ: ಸ್ಟಾರ್ಟಿಂಗ್ ಟ್ರಬಲ್, ಮಿಸ್ಸಿಂಗ್, ಪಿಕಪ್ ಇಲ್ಲ, ಹೊಗೆ, ಸೌಂಡು, ಮೈಲೇಜ್ ಬರುತ್ತಿಲ್ಲ. ಇವುಗಳ ಹಿಂದಿರುವ ಮೂಲ ಕಾರಣಗಳು ಇನ್ನೂ ಕಡಿಮೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ, ಕಿಡಿ, ಕಂಪ್ರೆಷನ್ ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಕೆಟ್ಟಿರುತ್ತದೆ. ತೊಡಕೆಂದರೆ, ಮೂರೂ ಒಂದೇ ಲಕ್ಷಣ ತೋರಬಲ್ಲವು. ಪೆಟ್ರೋಲು ಹಾಯುವ ಜೆಟ್ಟಿನಲ್ಲಿ ಕಸ ಕೂತರೂ ಕಿಡಿಯ ಮಾರ್ಗದ ಕಂಡೆನ್ಸರ್ ಸೋತರೂ ವೇಗ ಏರಿದಾಗ ಗಾಡಿ ಒಂದೇ ರೀತಿ ಮುಗ್ಗರಿಸುತ್ತದೆ. ಯಾವ ಕಾಲದಲ್ಲಿ ಯಾವ ಭಾಗ ಹೆಚ್ಚು ಕೈಕೊಡುತ್ತಿತ್ತೋ ಅದೇ ಆ ಕಾಲದ ಹುಡುಕಾಟದ ಕ್ರಮವನ್ನು ರೂಪಿಸಿತು. ಯಂತ್ರ ಬದಲಾದ ಮೇಲೂ ಹಳೆಯ ಕ್ರಮ ಮೆಕ್ಯಾನಿಕ್‌ಗಳ ಕೈಯಿಂದ ಬೇಗ ಬಿಟ್ಟುಹೋಗಲಿಲ್ಲ.

ಸವಾರನೇ ಮೆಕ್ಯಾನಿಕ್

ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಮರದ ಚೌಕಟ್ಟಿನ ಮೇಲೆ ಕೂರಿಸಿದ 264 ಸಿಸಿ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರಲಿಲ್ಲ. ಬರ್ನರಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿದ ಕೊಳವೆಯೊಂದು ಮಿಶ್ರಣಕ್ಕೆ ಬೆಂಕಿ ಕೊಡುತ್ತಿತ್ತು. ಎಂಜಿನ್ ನಿಂತರೆ ಮೊದಲು ಬಗ್ಗಿ ನೋಡಬೇಕಾದದ್ದು ಬರ್ನರ್ ಉರಿಯುತ್ತಿದೆಯೇ, ಕೊಳವೆ ಕೆಂಪಾಗಿದೆಯೇ ಎಂಬುದನ್ನು. ಆ ಗಾಡಿಯ ಸೀಟಿಗೆ ಅಡಿಯಿಂದಲೇ ಬೆಂಕಿ ತಗುಲಿತೆಂಬ ಕಥೆ ಪ್ರಸಿದ್ಧ. 1894ರಲ್ಲಿ ಮ್ಯೂನಿಕ್‌ನಲ್ಲಿ ಮಾರಾಟಕ್ಕೆಂದೇ ತಯಾರಾದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯೂಲರ್ ಬೈಕಿನಲ್ಲೂ ಇದೇ ವ್ಯವಸ್ಥೆ ಇತ್ತು.

ಫ್ರಾನ್ಸಿನ ಡಿ ಡಿಯೋನ್-ಬೂಟೋನ್ ಎಂಜಿನ್ನುಗಳು ಬ್ಯಾಟರಿ ಮತ್ತು ಕಾಯಿಲ್‌ನಿಂದ ಕಿಡಿ ಹೊತ್ತಿಸತೊಡಗಿದ ಮೇಲೆ ದೋಷ ಕಣ್ಣಿಗೆ ಕಾಣದ ಕಡೆ ಸೇರಿಕೊಂಡಿತು. ಬ್ಯಾಟರಿ ಇಳಿದದ್ದು, ವೈರು ಸಡಿಲವಾದದ್ದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ರಾಬರ್ಟ್ ಬಾಷ್ ಕಂಪನಿಯ ಗಾಟ್ಲೋಬ್ ಹೋನೋಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಬ್ಯಾಟರಿಯ ಹಂಗನ್ನೇ ತಪ್ಪಿಸಿತು. ಪ್ಲಗ್ ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ, ಚಕ್ರ ತಿರುಗಿಸಿ ಕಿಡಿ ನೋಡುವ ಪರೀಕ್ಷೆ ಬೇರೂರಿದ್ದು ಈ ಕಾಲದಲ್ಲೇ. ನಮ್ಮ ಗ್ಯಾರೇಜುಗಳ ‘ಕರೆಂಟ್ ಬರ್ತಿದೆಯಾ ನೋಡು’ ಎಂಬ ಮಾತು ಇದೇ ಪರೀಕ್ಷೆಯದು.

ಆಗಿನ ಹ್ಯಾಂಡಲ್ಲಿನ ಮೇಲೆ ಥ್ರಾಟಲ್‌ಗೊಂದು, ಗಾಳಿಗೊಂದು, ಕಿಡಿಯ ಸಮಯವನ್ನು ಹಿಂದೆಮುಂದೆ ಮಾಡಲು ಮತ್ತೊಂದು ಸನ್ನೆ ಇರುತ್ತಿದ್ದವು. ಎಷ್ಟೋ ಬೈಕುಗಳಲ್ಲಿ ಎಂಜಿನ್ನಿಗೆ ಎಣ್ಣೆಯನ್ನೂ ಸವಾರನೇ ಆಗಾಗ ಕೈಪಂಪಿನಿಂದ ಒತ್ತಬೇಕಿತ್ತು. ಸೈಲೆನ್ಸರಿನ ಹೊಗೆ ದಟ್ಟವಾದರೆ ಎಣ್ಣೆ ಹೆಚ್ಚಾಯಿತು, ತೀರಾ ತೆಳುವಾದರೆ ಕಡಿಮೆಯಾಯಿತು. ಏರಿನಲ್ಲಿ ಎಂಜಿನ್ ಟಕಟಕ ಎಂದರೆ ಕಿಡಿಯನ್ನು ತಡ ಮಾಡಬೇಕು. ಇಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸೆಕೆಂಡಿಗೆ ಹಲವು ಬಾರಿ ಮಾಡುವ ತಿದ್ದುಪಡಿಯನ್ನು ಅಂದಿನ ಸವಾರ ದಾರಿಯುದ್ದಕ್ಕೂ ಕಿವಿ ಮತ್ತು ಹೆಬ್ಬೆರಳಿನಿಂದ ಮಾಡುತ್ತಿದ್ದ. ದೋಷಪತ್ತೆ ರಿಪೇರಿಯಿಂದ ಬೇರ್ಪಟ್ಟ ಕೆಲಸವಾಗಿರದೆ ಸವಾರಿಯ ಭಾಗವೇ ಆಗಿತ್ತು.

ಪಾಯಿಂಟು, ಕಂಡೆನ್ಸರು, ಆಮೀಟರು

ಭಾರತದ ಮಟ್ಟಿಗೆ ಈ ಇತಿಹಾಸ ಗಟ್ಟಿಯಾಗಿ ಶುರುವಾಗುವುದು 1950ರ ದಶಕದಲ್ಲಿ. ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸತೊಡಗಿತು. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿಕೊಂಡು ಬುಲೆಟ್ ತಯಾರಿಗೆ ಇಳಿಯಿತು.

ಹೆಡ್‌ಲೈಟಿನ ಮೇಲೆ ಆಮೀಟರ್ ಇದ್ದ ಹಳೆಯ ಬುಲೆಟ್ಟಿನ ವಿಷಯ ವಿವರವಾಗಿ ಹೇಳಬೇಕಾದದ್ದು. ಕೀ ಆನ್ ಮಾಡಿ ಕಿಕ್ಕರನ್ನು ಮೆಲ್ಲಗೆ ಒತ್ತಿದಂತೆ ಪಾಯಿಂಟುಗಳು (ಕಾಯಿಲ್‌ನ ಕರೆಂಟನ್ನು ಹಾಯಿಸಿ ಕಡಿಯುವ ಲೋಹದ ಸಂಪರ್ಕಗಳು) ಮುಚ್ಚಿ ಕಾಯಿಲ್‌ಗೆ ಕರೆಂಟು ಹರಿಯುತ್ತದೆ, ಮುಳ್ಳು ಎಡಕ್ಕೆ ವಾಲುತ್ತದೆ. ಪಾಯಿಂಟು ತೆರೆದಾಗ ಮುಳ್ಳು ನಡುವಿಗೆ ಮರಳುತ್ತದೆ. ಪಿಸ್ಟನ್ ಮೇಲೆ ಬಂದದ್ದನ್ನು ಮುಳ್ಳಿನಿಂದ ತಿಳಿದು, ಸಿಲಿಂಡರಿನ ಒತ್ತಡ ಇಳಿಸುವ ಡಿಕಂಪ್ರೆಸರ್ ಹಿಡಿದು ತುಸು ಮುಂದಕ್ಕೆ ದಾಟಿಸಿ ಒದೆಯುವುದು ಬುಲೆಟ್ ಸವಾರರ ವಾಡಿಕೆ. ಅದೇ ಮುಳ್ಳು ದೋಷವನ್ನೂ ಹೇಳುತ್ತಿತ್ತು. ಎಷ್ಟು ಒತ್ತಿದರೂ ಅಲ್ಲಾಡದಿದ್ದರೆ ಪಾಯಿಂಟಿಗೆ ಕೊಳೆ ಹತ್ತಿದೆ ಅಥವಾ ವೈರು ತುಂಡಾಗಿದೆ. ಎಡಕ್ಕೆ ವಾಲಿ ಅಲ್ಲೇ ನಿಂತರೆ ಪಾಯಿಂಟು ತೆರೆಯುತ್ತಿಲ್ಲ. ಒಂದು ಸ್ಕ್ರೂ ಬಿಚ್ಚದೆ ಕಿಡಿಯ ಮಾರ್ಗದ ಅರ್ಧ ಭಾಗ ಪರೀಕ್ಷೆಯಾಗುತ್ತಿತ್ತು. ನಂತರದ ಯಾವ ಎಚ್ಚರಿಕೆ ದೀಪವೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡಿಲ್ಲ.

ಪಾಯಿಂಟಿನ ಗ್ಯಾಪು ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿಲಿಮೀಟರ್ ಇರಬೇಕಿತ್ತು. ಪಾಯಿಂಟು ತೆರೆಯುವ ಕ್ಷಣ ಹಿಡಿಯಲು ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಎಳೆಯುವುದು ಗೊತ್ತಿದ್ದವರ ಉಪಾಯ. ಪಾಯಿಂಟು ಕಪ್ಪಾಗಿ, ತೆರೆಯುವಾಗ ದೊಡ್ಡ ಕಿಡಿ ಹಾರಿದರೆ ಕಂಡೆನ್ಸರ್ ಸೋತಿದೆ ಎಂದರ್ಥ. ಇದು ಗೊತ್ತಿಲ್ಲದವರು ಕಾರ್ಬುರೇಟರನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ಕಾರ್ಬುರೇಟರ್ ಸುಲಭವಾಗಿ ಕೈಗೆ ಸಿಗುವ ಭಾಗ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವ ಅಭ್ಯಾಸಕ್ಕೆ ಬಹುಶಃ ಅದೇ ಕಾರಣ.

ಮೈಸೂರಿನ ಟೂ-ಸ್ಟ್ರೋಕ್‌ಗಳು

ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಯಾದವಗಿರಿಯಲ್ಲಿ ಜಾವಾ, ಬಳಿಕ ಯೆಜ್ಡಿ ಬೈಕುಗಳನ್ನು ತಯಾರಿಸಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಈ ಎಂಜಿನ್ನುಗಳಲ್ಲಿ ವಾಲ್ವಿಲ್ಲ, ಟ್ಯಾಪೆಟ್ಟಿಲ್ಲ. ಹಾಗಾಗಿ ದೋಷಗಳ ಪಟ್ಟಿಯೇ ಬೇರೆ. ಎಣ್ಣೆ ಹೆಚ್ಚಾದರೆ ಪ್ಲಗ್ ಒದ್ದೆಯಾಗಿ ಕಿಡಿ ಸಾಯುತ್ತದೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ಲಗ್ಗಿನ ಎರಡು ತುದಿಗಳ ನಡುವೆ ಕಾರ್ಬನ್ನಿನ ಎಳೆ ಬೆಳೆದು ಓಡುತ್ತಿದ್ದ ಗಾಡಿ ಥಟ್ಟನೆ ನಿಲ್ಲುವುದೂ ಉಂಟು. ಸವಾರರ ಟೂಲ್ ಕಿಟ್ಟಿನಲ್ಲಿ ಹೆಚ್ಚಿನ ಪ್ಲಗ್ ಒಂದು ಇರುತ್ತಿದ್ದುದು ಅದಕ್ಕೇ.

ಇವುಗಳಲ್ಲಿ ಮೋಸ ಮಾಡುತ್ತಿದ್ದ ದೋಷಗಳು ಎರಡು. ಒಂದು, ಸೈಲೆನ್ಸರಿನೊಳಗೆ ಕಾರ್ಬನ್ ಕಟ್ಟಿ ಉಸಿರು ಕಟ್ಟುವುದು. ಕಿಡಿ ಸರಿ, ಪೆಟ್ರೋಲು ಸರಿ, ಕಂಪ್ರೆಷನ್ನೂ ಸರಿ, ಆದರೂ ಗಾಡಿ ಏರು ಹತ್ತುವುದಿಲ್ಲ. ಒಳಗಿನ ಕೊಳವೆ ತೆಗೆದು ಸುಟ್ಟು ಅಥವಾ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಡೀಕಾರ್ಬನ್ ಮಾಡಿದರೆ ಎಂಜಿನ್ ಬದಲಿಸಿದಷ್ಟು ವ್ಯತ್ಯಾಸ ಕಾಣುತ್ತಿತ್ತು. ಇನ್ನೊಂದು, ಕ್ರಾಂಕಿನ ಆಯಿಲ್ ಸೀಲ್ ಸೋರಿ ಹೊರಗಿನ ಗಾಳಿ ಒಳನುಗ್ಗುವುದು. ಥ್ರಾಟಲ್‌ನಿಂದ ಕೈ ಬಿಟ್ಟರೂ ಎಂಜಿನ್ ತಾನೇ ರೇಸ್ ಆಗುತ್ತದೆ. ಅದನ್ನು ಐಡ್ಲಿಂಗ್ ಸ್ಕ್ರೂ ತಿರುವಿ ಅಡಗಿಸಿದವರು ಕೆಲವೇ ದಿನಗಳಲ್ಲಿ ಸುಟ್ಟ ಪಿಸ್ಟನ್ ನೋಡಬೇಕಾಗುತ್ತಿತ್ತು.

ಪ್ಲಗ್ಗಿನ ಬಣ್ಣ

ಬಿಚ್ಚಿದ ಪ್ಲಗ್ಗಿನ ತುದಿಯ ಬಣ್ಣದಿಂದ ಎಂಜಿನ್ನಿನ ಒಳಸ್ಥಿತಿ ಅಂದಾಜಿಸುವ ವಿದ್ಯೆ ರೇಸಿನವರಿಂದ ಬೀದಿಯ ಗ್ಯಾರೇಜಿನವರೆಗೆ ಹಬ್ಬಿತು. ಪಿಂಗಾಣಿ ತಿಳಿಗಂದಾಗಿದ್ದರೆ ಮಿಶ್ರಣ ಹದವಾಗಿದೆ. ಮಸಿಯಂತೆ ಕಪ್ಪಾಗಿ ಒಣಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದರೆ ಕಡಿಮೆ. ಫೋರ್-ಸ್ಟ್ರೋಕ್‌ನಲ್ಲಿ ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗು ಅಥವಾ ವಾಲ್ವ್ ಗೈಡು ಸವೆದಿದೆ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಕೃತಿಯಲ್ಲೂ ಎತ್ತರದ ಪ್ರದೇಶದ ತೆಳು ಗಾಳಿ ಮತ್ತು ಕಪ್ಪಾದ ಪ್ಲಗ್ಗಿನ ಪ್ರಸ್ತಾಪವಿದೆ. ಬ್ಯಾಟರಿ ಪರೀಕ್ಷಿಸಲು ಹಾರ್ನ್ ಒತ್ತುವ ಮೆಕ್ಯಾನಿಕ್ ಮಾಡುವುದೂ ವೈಜ್ಞಾನಿಕ ಪ್ರಯೋಗವೇ ಎಂದು ಅವರು ಅಲ್ಲಿ ವಾದಿಸಿದರು. ದೋಷಪತ್ತೆಯ ತರ್ಕವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ್ದರಲ್ಲಿ ಆ ಪುಸ್ತಕದ್ದು ದೊಡ್ಡ ಪಾಲು. ಲಡಾಖ್‌ಗೆ ಹೋಗುವ ಕಾರ್ಬುರೇಟರ್ ಬೈಕಿನವರು ಚಿಕ್ಕ ಜೆಟ್ ಒಯ್ಯುವುದರ ಹಿಂದಿರುವುದೂ ಈ ತೆಳು ಗಾಳಿಯೇ.

ಈ ಬಣ್ಣದ ಪಾಠ ರೂಪುಗೊಂಡದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗತೊಡಗಿದ ಮೇಲೆ ಬಣ್ಣ ಮೊದಲಿನಷ್ಟು ಗಾಢವಾಗಿ ಹಿಡಿಯುವುದಿಲ್ಲ. ಹೊಸ ಪ್ಲಗ್ ಬಿಳಿಯಾಗಿಯೇ ಉಳಿದದ್ದನ್ನು ಕಂಡು ಪೆಟ್ರೋಲು ಕಡಿಮೆ ಎಂದು ತೀರ್ಮಾನಿಸಿ ಸರಿಯಿದ್ದ ಮಿಶ್ರಣ ಕೆಡಿಸುವುದು ಸಾಮಾನ್ಯವಾಯಿತು.

ಮುಚ್ಚಿದ ಪೆಟ್ಟಿಗೆ

ಕವಾಸಾಕಿ 1969ರ ಎಚ್1 ಬೈಕಿನಲ್ಲಿ ಪಾಯಿಂಟಿಲ್ಲದೆ ಇಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ಸಿಡಿಐ ಇಗ್ನಿಷನ್ ಅಳವಡಿಸಿತು. ಭಾರತದಲ್ಲಿ ಅದು ಬೇರೂರಿದ್ದು 1980ರ ದಶಕದ ಮಧ್ಯದಲ್ಲಿ ಬಂದ ಜಪಾನಿ ಮೂಲದ 100 ಸಿಸಿ ಬೈಕುಗಳ ನಂತರ. ಪಾಯಿಂಟು ಹೋಯಿತು, ಅದರ ಜೊತೆ ಫೀಲರ್ ಗೇಜೂ ಸಿಗರೇಟಿನ ಕಾಗದವೂ ಹೋದವು. ಸಿಡಿಐ ಅಂಟು ತುಂಬಿ ಮುಚ್ಚಿದ ಪೆಟ್ಟಿಗೆ, ಒಳಗೆ ನೋಡುವಂತಿಲ್ಲ. ಹೀಗಾಗಿ ಬೇರೆ ಗಾಡಿಯಿಂದ ಬಿಚ್ಚಿದ ಸಿಡಿಐ ಹಾಕಿ ನೋಡುವ ಪದ್ಧತಿ ಬಂತು. ಇದು ಫಲ ಕೊಡುತ್ತದೆ, ಆದರೆ ಕಾರಣ ಹೇಳುವುದಿಲ್ಲ.

ದೀಪ ಮತ್ತು ಕೋಡ್

ಬೈಕಿನಲ್ಲಿ ಇಲೆಕ್ಟ್ರಾನಿಕ್ ಫ್ಯೂಯೆಲ್ ಇಂಜೆಕ್ಷನ್ 1980ರ ಕವಾಸಾಕಿ ಝಡ್1000ರಿಂದ ಆರಂಭವಾಗಿ 1983ರ ಬಿಎಂಡಬ್ಲ್ಯು ಕೆ100ರಂಥ ಗಾಡಿಗಳಲ್ಲಿ ಮುಂದುವರಿಯಿತು. ಭಾರತದಲ್ಲಿ 2006ರ ಹೀರೊ ಹೋಂಡಾ ಗ್ಲಾಮರ್ ಎಫ್‌ಐ ಈ ದಾರಿಯ ಮೊದಲ ಹೆಜ್ಜೆ. ಆದರೆ ಬಹುತೇಕರಿಗೆ ಅದು ತಲುಪಿದ್ದು 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಜಾರಿಯಾದಾಗ. ಅದರೊಂದಿಗೆ ದೋಷವನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆಯೂ ಬಂತು. ಕಾರುಗಳಲ್ಲಿ ಅಮೆರಿಕ ಇದನ್ನು 1996ರಲ್ಲೇ ಕಡ್ಡಾಯ ಮಾಡಿತ್ತು.

ಕೆಲವು ಹೋಂಡಾ ಬೈಕುಗಳಲ್ಲಿ ಎಚ್ಚರಿಕೆ ದೀಪ ಎಷ್ಟು ಬಾರಿ ಮಿಟುಕಿತೆಂದು ಎಣಿಸಿದರೆ ಸಾಕು: ಉದ್ದನೆಯ ಮಿಟುಕಿಗೆ ಹತ್ತು, ಗಿಡ್ಡದಕ್ಕೆ ಒಂದು. ಎಂಟು ಬಂದರೆ ಥ್ರಾಟಲ್ ಸೆನ್ಸರ್. ಬೇರೆಡೆ ಸ್ಕ್ಯಾನರ್ ಬೇಕು. ಅದಕ್ಕೂ ಕಂಪನಿಗೊಂದು ಸಾಕೆಟ್ ಇದ್ದ ಗೊಂದಲ ತಗ್ಗಿಸಲು 2016ರಲ್ಲಿ ಐಎಸ್ಒ 19689 ಎಂಬ ಸಾಮಾನ್ಯ ಮಾನದಂಡ ಬಂತು. ಕೋಡ್ ಯಾವ ಸರ್ಕ್ಯೂಟಿನಲ್ಲಿ ವ್ಯತ್ಯಾಸವಿದೆ ಎನ್ನುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಇಲಿ ಕಡಿದ ವೈರಿಗೂ ಸತ್ತ ಸೆನ್ಸರಿಗೂ ಅದೇ ಕೋಡ್ ಬರಬಹುದು. ಮಲ್ಟಿಮೀಟರ್ ಹಿಡಿಯದೆ ಸೆನ್ಸರ್ ಬದಲಿಸುವ ಅಂಗಡಿಗಳಲ್ಲಿ ಗಿರಾಕಿಯ ಹಣ ಸುಮ್ಮನೆ ಹೋಗುತ್ತದೆ.

ಕೋಡಿಗೆ ಸಿಗದ ದೋಷಗಳೂ ಇವೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಟ್ಯಾಂಕಿಗೆ ಮಳೆನೀರು ಮಿತಿಮೀರಿ ಇಳಿದರೆ ಎಥನಾಲ್ ಆ ನೀರಿನೊಂದಿಗೆ ಸೇರಿ ತಳಕ್ಕಿಳಿಯುತ್ತದೆ, ಪಂಪು ಅದನ್ನೇ ಎಳೆಯುತ್ತದೆ. ಕಾರ್ಬುರೇಟರಿನಲ್ಲಾದರೆ ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿದೊಡನೆ ನೀರಿನ ಹನಿ ಕಣ್ಣಿಗೆ ಬೀಳುತ್ತಿತ್ತು. ಈಗ ಟ್ಯಾಂಕಿನಿಂದ ಪೆಟ್ರೋಲು ಗಾಜಿನ ಬಾಟಲಿಗೆ ಇಳಿಸಿ ನೋಡಬೇಕು. ಕಂಪ್ರೆಷನ್ ಅಳೆಯುವ ಸೆನ್ಸರ್ ನಮ್ಮ ಸಾಮಾನ್ಯ ಬೈಕುಗಳಲ್ಲಿಲ್ಲ. ಪ್ಲಗ್ಗಿನ ರಂಧ್ರಕ್ಕೆ ಗೇಜು ಕೂರಿಸಿ ಅಳೆದು, ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು ಇಂದಿಗೂ ರೂಢಿ. ರೀಡಿಂಗ್ ಏರಿದರೆ ರಿಂಗಿನತ್ತ, ಏರದಿದ್ದರೆ ವಾಲ್ವಿನತ್ತ ಬೊಟ್ಟು. ಆಟೊ ಡಿಕಂಪ್ರೆಸರ್ ಇರುವ ಹೊಸ ಎಂಜಿನ್ನುಗಳು ಗೇಜಿನಲ್ಲಿ ಕಡಿಮೆ ಅಂಕಿ ತೋರುವುದರಿಂದ ಅವುಗಳಿಗೆ ಕಂಪ್ರೆಸರಿನ ಗಾಳಿ ತುಂಬಿ ನೋಡುವುದು ಹೆಚ್ಚು ನಂಬಲರ್ಹ: ಗಾಳಿಯ ಸದ್ದು ಥ್ರಾಟಲ್ ಬಾಡಿಯಿಂದ ಬಂದರೆ ಇನ್‌ಲೆಟ್ ವಾಲ್ವು, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವು, ಆಯಿಲ್ ತುಂಬುವ ಬಾಯಿಯಿಂದ ಬಂದರೆ ರಿಂಗು ಅಥವಾ ಬೋರು.